ಬೆನ್ನಿಗೆ ಯಂತ್ರ ಹೊತ್ತ ರಣಹದ್ದು

ಕಾಳಿ ನದಿ ಕಡಲು ಸೇರುವ ಕಾರವಾರದ ಕೋಡಿಬಾಗದ ಕಡೆ ಬೆಳಿಗ್ಗೆ ದುರ್ಬೀನು ಹಿಡಿದು ನಡೆಯುವವರಿಗೆ ಗರುಡ, ಬೆಳ್ಳಕ್ಕಿ, ಮಿಂಚುಳ್ಳಿಗಳು ನಿತ್ಯದ ಪರಿಚಯ. ಅದೃಷ್ಟವಿದ್ದರೆ ಬಿಳಿ ಹೊಟ್ಟೆಯ ಕಡಲ ಹದ್ದೂ ಕಂಡೀತು. ರಣಹದ್ದನ್ನು ಮಾತ್ರ ಅಲ್ಲಿ ಯಾರೂ ನಿರೀಕ್ಷಿಸುವುದಿಲ್ಲ. 2024ರ ನವೆಂಬರ್‌ನಲ್ಲಿ ಅಲ್ಲಿನ ನದಿವಾಡದಲ್ಲಿ ಕಾಣಿಸಿದ್ದು ಅದೇ. ಸಾಲದ್ದಕ್ಕೆ ಬೆನ್ನ ಮೇಲೊಂದು ಯಂತ್ರ.

ಒಂದು ಕಡೆ ಕದಂಬ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣು ವಿದ್ಯುತ್ ಸ್ಥಾವರ. ಇಂಥ ಊರಿನಲ್ಲಿ ಹಕ್ಕಿಯ ಮೇಲೂ ಗೂಢಚಾರಿಕೆಯ ಗುಮಾನಿ ಎದ್ದದ್ದು ಸಹಜ. ವಿಚಾರಿಸಿದಾಗ ಅದು ಮಹಾರಾಷ್ಟ್ರದ ತಾಡೋಬಾ ಹುಲಿ ಸಂರಕ್ಷಿತ ಪ್ರದೇಶದಿಂದ ಅಧ್ಯಯನಕ್ಕಾಗಿ ಟ್ರ್ಯಾಕರ್ ಕಟ್ಟಿ ಬಿಟ್ಟ ಹಕ್ಕಿಯೆಂದು ತಿಳಿಯಿತು. ನೇರ ಗೆರೆ ಎಳೆದು ಅಳೆದರೂ ಸುಮಾರು 800 ಕಿ.ಮೀ. ದಾರಿ. ಮೇಲೇರುವ ಬಿಸಿಗಾಳಿಯನ್ನು ನೆಚ್ಚಿ, ರೆಕ್ಕೆ ಬಡಿಯದೆ ತಾಸುಗಟ್ಟಲೆ ತೇಲಬಲ್ಲ ರಣಹದ್ದಿಗೆ ಅದೇನೂ ಅಸಾಧ್ಯವಲ್ಲ.

ಒಂದು ಹಕ್ಕಿಗೆ ಇಷ್ಟೆಲ್ಲ ಜತನ ಬೇಕಾದದ್ದಕ್ಕೆ ಕಾರಣವಿದೆ. ತಾಡೋಬಾದಲ್ಲಿ ಬಿಟ್ಟದ್ದು ಹರಿಯಾಣದ ಪಿಂಜೋರಿನಲ್ಲಿ ಸಾಕಿ ಬೆಳೆಸಿದ ಬಿಳಿ ಬೆನ್ನಿನ ರಣಹದ್ದುಗಳನ್ನು. 1980ರ ದಶಕದಲ್ಲಿ ಇವು ಯಾರೂ ತಿರುಗಿ ನೋಡದಷ್ಟು ಸಾಮಾನ್ಯವಾಗಿದ್ದವು. ಆಮೇಲೆ ದನಗಳ ನೋವಿಗೆ ಡೈಕ್ಲೋಫೆನಾಕ್ ಚುಚ್ಚುಮದ್ದು ಬಂತು. ಆ ಮದ್ದು ಮೈಯಲ್ಲಿ ಉಳಿದಿರುವಾಗಲೇ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಕೆಲವೇ ದಿನಗಳಲ್ಲಿ ಅದೂ ಸಾಯುತ್ತಿತ್ತು. ಕಾರಣ ಖಚಿತವಾದದ್ದು 2004ರಲ್ಲಿ. ಜಾನುವಾರುಗಳಿಗೆ ಆ ಮದ್ದು ಕೊಡುವುದನ್ನು ಭಾರತ ನಿಷೇಧಿಸಿದ್ದು 2006ರಲ್ಲಿ. ಅಷ್ಟರಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ಹಕ್ಕಿಗಳು ಹೋಗಿಯಾಗಿತ್ತು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಜೀವ, ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲಾರದು. ಕಾರವಾರದ ಜನ ಕಂಡ ಅಪರೂಪದ ಅತಿಥಿ, ದೇಶದ ಮಟ್ಟಿಗೆ ನಾಲ್ಕು ದಶಕದ ಹಿಂದಿನ ಮಾಮೂಲಿ ಹಕ್ಕಿ.

ಮರುವರ್ಷ, 2025ರ ಡಿಸೆಂಬರ್‌ನಲ್ಲಿ, ಕಾರವಾರದ ಕಡಲತೀರದಲ್ಲೇ ಸಿಕ್ಕ ಗಾಯಗೊಂಡ ಕಡಲಕ್ಕಿಯೊಂದರ ಬೆನ್ನಿನ ಯಂತ್ರದಲ್ಲಿ ಚೀನಾದ ವಿಜ್ಞಾನ ಅಕಾಡೆಮಿಯ ಹೆಸರಿತ್ತು. ಮತ್ತೆ ಅದೇ ಗುಮಾನಿ. ಚಳಿಗಾಲದ ವಲಸೆಯಲ್ಲಿ ಇಂಥ ಹಕ್ಕಿಗಳು ಅಂಕೋಲೆಯ ಬೇಲೆಕೇರಿಯಲ್ಲೋ ಬೆಳಂಬಾರದಲ್ಲೋ ಇಳಿದರೂ ಇಳಿದಾವು. ಅಧ್ಯಯನಕ್ಕಾಗಿ ಕಾಲಿಗೆ ತೊಡಿಸಿದ ಬಳೆಯ ಅಂಕಿ ಕಂಡರೆ ಬರೆದಿಟ್ಟುಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಹಿಡಿಯಲು ಮಾತ್ರ ಹೋಗಬೇಡಿ.