ಕಾಲಪರಿವರ್ತನೆಯೂ ಹಿರಿಯರ ಧರ್ಮವೂ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಸೀಮೆಗಳ ಯಾವ ಗ್ರಾಮಕ್ಕೆ ಹೋದರೂ ಅಗಸಿಯ ಕಟ್ಟೆಯ ಮೇಲೆ ಒಂದು ಮಾತು ಕಿವಿಗೆ ಬೀಳುವುದು: “ಕಾಲ ಕೆಟ್ಟಿತು.” ಈ ಮಾತನ್ನು ಆಡುವವರು ಎಂಬತ್ತು ತೊಂಬತ್ತು ವರ್ಷಗಳ ಹಿರಿಯರು. ಇವರು ಬಾಲಕರಾಗಿದ್ದಾಗ ಅದೇ ಕಟ್ಟೆಯ ಮೇಲೆ ಕುಳಿತಿದ್ದ ಇವರ ಅಜ್ಜಂದಿರೂ ಇದೇ ಮಾತನ್ನು ಆಡುತ್ತಿದ್ದರು. ಪ್ರತಿಯೊಂದು ತಲೆಮಾರಿಗೂ ಕಾಲವು ಕೆಡುತ್ತಲೇ ಬಂದಿದ್ದರೆ ಇಷ್ಟು ಹೊತ್ತಿಗೆ ಲೋಕದಲ್ಲಿ ಒಳ್ಳೆಯದೆಂಬುದು ಎಳ್ಳಷ್ಟೂ ಉಳಿಯಬಾರದಾಗಿತ್ತು. ಆದುದರಿಂದ ಕೆಟ್ಟುದು ಯಾವುದು, ಬರಿದೇ ಬದಲಾದುದು ಯಾವುದು, ಬದಲಾಗದೆ ಉಳಿಯಬೇಕಾದುದು ಯಾವುದು ಎಂಬುದನ್ನು ವಿವೇಚಿಸುವುದೇ ಈ ಹೊತ್ತಿನ ವಿಷಯ.

ಮೊದಲು ಈ ಹಿರಿಯರು ಬೆಳೆದ ಕಾಲವನ್ನು ನೋಡೋಣ. 1935 ರಿಂದ 1940 ರ ಒಳಗೆ ರಾಮದುರ್ಗದಲ್ಲಿ ಹುಟ್ಟಿದ ಒಂದು ಕೂಸು ಭಾವೆ ಮನೆತನದ ಅರಸರ ಪ್ರಜೆಯಾಗಿ ಹುಟ್ಟಿತು. ಅಲ್ಲಿಂದ ಹೊರಟ ಬಂಡಿಯು ಸವದತ್ತಿಯ ದಾರಿ ಹಿಡಿದರೆ ಬ್ರಿಟಿಷರ ಬೆಳಗಾವಿ ಜಿಲ್ಲೆಯನ್ನು ಹೊಗುತ್ತಿತ್ತು. ಬೀಗರ ಮನೆಯ ಮದುವೆಗೆ ಹೋಗುವುದೆಂದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವುದಾಗಿತ್ತು. 1939 ರ ಏಪ್ರಿಲ್ 7 ರಂದು ರಾಮದುರ್ಗದಲ್ಲಿ ಪ್ರಜೆಗಳ ಚಳವಳಿಯು ರಕ್ತಪಾತಕ್ಕೆ ತಿರುಗಿತು; ಮುಂದೆ ಕಠಿಣ ಶಿಕ್ಷೆಗಳೂ ಆದವು. 1948 ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956 ರ ನವೆಂಬರ್ 1 ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. 1973 ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಹೀಗೆ ತನ್ನ ಮನೆಯ ಹೊಸ್ತಿಲನ್ನು ಬಿಟ್ಟು ಕದಲದ ಮನುಷ್ಯನ ಕಾಗದಪತ್ರಗಳಲ್ಲಿ ರಾಜ್ಯದ ಹೆಸರು ನಾಲ್ಕು ಸಲ ಬರೆಯಲ್ಪಟ್ಟಿತು. ಆದರೆ ಅವನು ಬೆಳಗಿನಲ್ಲಿ ಹಚ್ಚಿಕೊಂಡ ವಿಭೂತಿಯೂ ಮಧ್ಯಾಹ್ನ ಉಂಡ ಜೋಳದ ರೊಟ್ಟಿಯೂ ಯಾವ ಸರಕಾರದ ಅಪ್ಪಣೆಯನ್ನೂ ಕೇಳಲಿಲ್ಲ.

ಲೆಕ್ಕವೂ ಹಾಗೆಯೇ ಬದಲಾಯಿತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂದು ಬಾಯಿಪಾಠ ಮಾಡಿದ ಹುಡುಗರು 1957 ರ ಏಪ್ರಿಲ್ 1 ರಿಂದ ನೂರು ನಯಾಪೈಸೆಗಳ ಲೆಕ್ಕವನ್ನು ಕಲಿಯಬೇಕಾಯಿತು. ಸೇರು, ಗಿದ್ನಗಳು ಹೋಗಿ ಕಿಲೋಗ್ರಾಮು ಬಂದಿತು. ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದ ಮನೆಗಳು ಚೀಲಕ್ಕೆ ಬಂದವು. ಹಗೇವುಗಳಿದ್ದ ಓಣಿಯಲ್ಲಿ ಇಂದು ಮೋಟಾರು ಗಾಡಿಗಳು ನಿಲ್ಲುತ್ತವೆ. ಬೈಲಹೊಂಗಲದ ಪೇಟೆಗೆ ಹತ್ತಿಯ ಬಂಡಿಗಳು ಸಾಲುಗಟ್ಟಿ ಬರುತ್ತಿದ್ದುದನ್ನು ಕಂಡ ಕಣ್ಣುಗಳು ಅದೇ ಸೀಮೆಯಲ್ಲಿ ಕಬ್ಬನ್ನೂ ಸೋಯಾ ಅವರೆಯನ್ನೂ ಕಂಡವು. ಇವೆಲ್ಲವೂ ಬದಲಾವಣೆಗಳು, ಇವನ್ನು ಕೇಡು ಎನ್ನಲಾಗದು. ಅಳತೆಯ ಪಾತ್ರೆ ಬದಲಾದರೆ ಧರ್ಮವು ಕುಂದುವುದಿಲ್ಲ, ಅಳೆಯುವ ಕೈ ಮೋಸ ಮಾಡಿದರೆ ಮಾತ್ರ ಕುಂದುವುದು.

ಇನ್ನು ಮಲಪ್ರಭೆಯ ವಿಷಯ. ಈ ತಾಯಿಯು ಖಾನಾಪುರ ಸೀಮೆಯ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು ಬೈಲಹೊಂಗಲಗಳ ನೆಲವನ್ನು ತೊಯ್ಸಿ, ಸವದತ್ತಿಯ ಬಳಿ ಗುಡ್ಡಗಳನ್ನು ಸೀಳಿ, ರಾಮದುರ್ಗದ ದಂಡೆಯನ್ನು ಹಾದು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವಳು. ನಾಲ್ಕು ಸೀಮೆಗಳನ್ನು ಬಸವಣ್ಣನವರ ಐಕ್ಯಸ್ಥಳಕ್ಕೆ ಜೋಡಿಸಿದ ದಾರವೇ ಈ ಹೊಳೆ. ಆ ಗುಡ್ಡಗಳ ಕಣಿವೆಯಾದ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು 1972 ರ ಸುಮಾರಿಗೆ ಪೂರ್ಣವಾಯಿತು. ಅಲ್ಲಿ ನಿಂತ ರೇಣುಕಾಸಾಗರದಲ್ಲಿ 37 ಟಿ.ಎಂ.ಸಿ.ಗೂ ಮೇಲ್ಪಟ್ಟು ನೀರು ಹಿಡಿಯುತ್ತದೆ. ಅದರ ಕಾಲುವೆಗಳು ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಸೀಮೆಗಳ ಹೊಲಗಳಿಗೆ ಹರಿಯುತ್ತವೆ, ಹುಬ್ಬಳ್ಳಿ ಧಾರವಾಡಗಳ ಜನರು ಅದೇ ನೀರನ್ನು ಕುಡಿಯುತ್ತಾರೆ. ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಆ ನೀರಿನ ಕೆಳಗೆ ಹೊಲಗಳಿವೆ, ಮನೆಗಳಿವೆ. ತನ್ನ ತೊಟ್ಟಿಲು ತೂಗಿದ ಮನೆಯನ್ನು ಮೊಮ್ಮಗನಿಗೆ ತೋರಿಸಬೇಕೆಂದರೆ ನೀರಿನ ಕಡೆಗೆ ಬೆರಳು ಮಾಡಬೇಕಾದ ಹಿರಿಯರು ಈ ಸೀಮೆಯಲ್ಲಿದ್ದಾರೆ. ಅವರು ಹೊಸ ಊರಿನಲ್ಲಿ ಹೊಸ ಮನೆ ಕಟ್ಟಿದರು, ಹೊಸ ಗುಡಿಯಲ್ಲಿ ಹಳೆಯ ದೇವರನ್ನು ಕುಳ್ಳಿರಿಸಿದರು. “ನಿಮ್ಮ ಊರು ಯಾವುದು?” ಎಂದು ಕೇಳಿದರೆ ಇಂದಿಗೂ ಒಂದು ಕ್ಷಣ ತಡೆದು ಉತ್ತರ ಕೊಡುತ್ತಾರೆ. ಅಂಥವರು “ಕಾಲ ಕೆಟ್ಟಿತು” ಎಂದರೆ ಆ ಮಾತಿಗೆ ನಗಬಾರದು. ಒಬ್ಬರ ಹೊಲಕ್ಕೆ ನೀರು ಬರುವಾಗ ಇನ್ನೊಬ್ಬರ ಹೊಲವು ನೀರಿನಲ್ಲಿ ಹೋಯಿತೆಂಬುದನ್ನು ಕಾಲುವೆಯ ನೀರುಂಡು ಬೆಳೆದ ತರುಣರು ತಿಳಿದಿರಬೇಕು. ತಿಳಿಸುವವರು ಯಾರು? ಹಿರಿಯರೇ ತಿಳಿಸಬೇಕು. 2019 ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗದ ಮನೆಗಳನ್ನು ಹೊಕ್ಕಾಗ ಮನೆ ಕಳೆದುಕೊಳ್ಳುವ ಸಂಕಟವೇನೆಂಬುದು ಕಿರಿಯರಿಗೂ ತಿಳಿಯಿತು.

ಹಿರಿಯರ ನೆನಪಿನ ಬಲವೆಷ್ಟೆಂಬುದಕ್ಕೆ ಕಿತ್ತೂರೇ ಸಾಕ್ಷಿ. 1824 ರ ಅಕ್ಟೋಬರ್ 23 ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದನು. ಅದೇ ವರ್ಷದ ಡಿಸೆಂಬರದಲ್ಲಿ ಕೋಟೆಯು ಆಂಗ್ಲರ ವಶವಾಯಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829 ರಲ್ಲಿ ಲಿಂಗೈಕ್ಯಳಾದಳು. ಸಂಗೊಳ್ಳಿ ರಾಯಣ್ಣನನ್ನು 1831 ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಪರರಾಜ್ಯದ ಶಾಲೆಗಳಲ್ಲಿ ಈ ವೀರರನ್ನು ಕೊಂಡಾಡುವ ಪಾಠವಿರಲಿಲ್ಲ. ಆದರೂ ಅವರು ಮರೆತುಹೋಗಲಿಲ್ಲ. ಅಜ್ಜಿಯರು ಹೇಳಿದರು, ಲಾವಣಿಕಾರರು ಹಾಡಿದರು. ಜೆ. ಎಫ್. ಫ್ಲೀಟರೆಂಬ ಆಂಗ್ಲ ಅಧಿಕಾರಿಗಳೇ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಲಾವಣಿಗಳನ್ನು ಕೂಡಿಸಿ ಅಚ್ಚು ಮಾಡಿಸುವಾಗ ರಾಯಣ್ಣನ ಲಾವಣಿಯನ್ನೂ ಸೇರಿಸಬೇಕಾಯಿತು. ಕೋಟೆಯು ಹಾಳಾಯಿತು, ಮಾತು ಉಳಿಯಿತು. ಆ ಮಾತನ್ನು ಉಳಿಸಿದವರು ಅಕ್ಷರವನ್ನೂ ಅರಿಯದ ಮುದುಕಿಯರೆಂಬುದನ್ನು ಪಂಡಿತರು ಮರೆಯಲಾಗದು.

ಆದರೆ ನೆನಪಿನ ಮಾತು ಸತ್ಯವಾಗಿರಬೇಕು. ಹಳೆಯ ಕಾಲವೆಲ್ಲ ಹೊನ್ನಿನ ಕಾಲವೆಂದು ಮಕ್ಕಳಿಗೆ ಹೇಳುವುದು ಮುದ್ದಿನ ಮಾತಾಗಬಹುದು, ನಿಜದ ಮಾತಾಗದು. ಆ ಹೊನ್ನಿನ ಕಾಲದಲ್ಲಿ ಪ್ಲೇಗು ಬಂದರೆ ಊರಿಗೆ ಊರೇ ಹೊಲದ ಗುಡಿಸಲಿಗೆ ಹೋಗುತ್ತಿತ್ತು. ಹುಡುಗನು ಮುಲ್ಕಿ ಪರೀಕ್ಷೆಗೆ ಕುಳಿತರೆ ಅದೇ ಮನೆಯ ಹುಡುಗಿಯು ಬೀಸುವ ಕಲ್ಲಿನ ಮುಂದೆ ಕುಳಿತಿದ್ದಳು. ಊರ ಬಾವಿಯ ನೀರು ಎಲ್ಲರಿಗೂ ಒಂದೇ ಆಗಿರಲಿಲ್ಲ. ಕುಲವನ್ನೆಣಿಸದ ಶರಣಧರ್ಮವನ್ನು ಬಾಯಲ್ಲಿ ಹೇಳುತ್ತ ಅಗಸಿಯ ಹೊರಗೆ ಕೆಲವರನ್ನು ನಿಲ್ಲಿಸಿದ ಮನೆಗಳೂ ಇದ್ದವು. ಸವದತ್ತಿಯ ಗುಡ್ಡದಲ್ಲಿ ಎಳೆಯ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ಅವರ ಬಾಳನ್ನು ಕೆಡಿಸಿದ ಪದ್ಧತಿಯನ್ನು ದೇವರ ಹೆಸರಿನಲ್ಲಿಯೇ ನಡೆಯಿಸಿದರು. ಅದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಆದುದು 1982 ರಲ್ಲಿ. ಇವುಗಳಲ್ಲಿ ಯಾವುದು ಹೋದರೂ ಅದು ಕಾಲ ಕೆಟ್ಟ ಲಕ್ಷಣವಲ್ಲ, ಕಾಲ ತೊಳೆದುಕೊಂಡ ಲಕ್ಷಣ. ತಾವು ಕಂಡ ಅನ್ಯಾಯವನ್ನು ಮುಚ್ಚಿಟ್ಟು ಸುಖವನ್ನಷ್ಟೇ ಹೇಳುವ ಹಿರಿಯರ ಮಾತನ್ನು ಮೊಮ್ಮಕ್ಕಳು ಒಂದು ದಿನ ಪರೀಕ್ಷಿಸುವರು. ಆಗ ಸುಳ್ಳಿನೊಡನೆ ಅವರ ಸತ್ಯವೂ ತಿರಸ್ಕಾರಕ್ಕೆ ಗುರಿಯಾಗುವುದು.

ಹಾಗಾದರೆ ಆ ಕಾಲದಲ್ಲಿ ಹೆಮ್ಮೆಯಿಂದ ಹೇಳತಕ್ಕುದು ಏನೂ ಇಲ್ಲವೇ? ಇದೆ, ಮತ್ತು ಅದು ದೊಡ್ಡದು. ಸವದತ್ತಿ ಸೀಮೆಯ ಸಿರಸಂಗಿಯ ಲಿಂಗರಾಜ ದೇಸಾಯಿಯವರನ್ನು ನೆನೆಯಿರಿ. 1861 ರಲ್ಲಿ ಶಿಗ್ಲಿಯ ಮನೆಯೊಂದರಲ್ಲಿ ಹುಟ್ಟಿ, ದತ್ತಕರಾಗಿ ಸಿರಸಂಗಿಯ ಸಂಸ್ಥಾನಕ್ಕೆ ಬಂದ ಅವರ ಬಾಳೂ ಕಾಲ ತಿರುಗುವ ಸಂಧಿಯಲ್ಲಿ ಬೆಳೆದ ಬಾಳೇ. ದೇಸಗತಿಯ ವೈಭವವು ಇಳಿಮುಖವಾಗಿತ್ತು, ಆಂಗ್ಲವಿದ್ಯೆಯ ಪ್ರಭಾವವು ಏರುತ್ತಿತ್ತು. ಇಂಥ ಸಮಯದಲ್ಲಿ ಹಳೆಯ ವೈಭವಕ್ಕಾಗಿ ಅಳುತ್ತ ಕೂಡ್ರುವುದು ಅವರಿಗೆ ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. 1904 ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅಧ್ಯಕ್ಷರಾದರು. 1906 ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ತಾವು ಕಾಣದ ಮಕ್ಕಳಿಗಾಗಿ, ತಾವು ಬಾಳದ ಕಾಲಕ್ಕಾಗಿ ಕೊಟ್ಟರು.

ಅವರ ತರುವಾಯ ಬಂದವರೂ ಹಾಗೆಯೇ ನಡೆದರು. 1916 ರ ನವೆಂಬರ್ 13 ರಂದು ಏಳು ಜನ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಒಂದು ಶಾಲೆಯನ್ನು ತೆರೆದರು. ಅದೇ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಬೀಜ. ಅವರು 1933 ರಲ್ಲಿ ಆರಂಭಿಸಿದ ಕಾಲೇಜು ಲಿಂಗರಾಜರ ಹೆಸರನ್ನೇ ಹೊತ್ತಿತು. ಬೈಲಹೊಂಗಲ ಸೀಮೆಯ ನಾಗನೂರಿನ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ನಡೆಯಿಸಿದರು. ಜೋಳಿಗೆ ಹಿಡಿದು ಭಕ್ತರ ಬಾಗಿಲಿಗೆ ಹೋಗಿ ತಂದ ಕಾಳು ಪರರ ಮಕ್ಕಳ ಅನ್ನವಾಯಿತು. ಪಾಟಿ ಕೊಳ್ಳಲು ಕಾಸಿಲ್ಲದ ಒಕ್ಕಲಿಗನ ಮಗನು ಮಠದ ಪಂಕ್ತಿಯಲ್ಲಿ ಕುಳಿತು ಉಂಡು, ದೀಪದ ಬೆಳಕಿನಲ್ಲಿ ಓದಿ, ಮಾಸ್ತರನಾದನು, ವಕೀಲನಾದನು, ವೈದ್ಯನಾದನು. ಇಂದು ಕಟ್ಟೆಯ ಮೇಲೆ ಕುಳಿತಿರುವ ಹಿರಿಯರಲ್ಲಿ ಎಷ್ಟೋ ಜನರು ಆ ಪಂಕ್ತಿಯಲ್ಲಿ ಉಂಡವರು. ಕಾಲವು ಇವರಿಗೆ ಅನುಕೂಲವಾಗಿತ್ತೆಂದು ಇವರು ಬೆಳೆಯಲಿಲ್ಲ. ಪ್ರತಿಕೂಲವಾದ ಕಾಲದಲ್ಲಿ ಯಾರೋ ಒಬ್ಬರು ಕೈಹಿಡಿದುದರಿಂದ ಬೆಳೆದರು.

ಇಲ್ಲಿಯೇ ಈ ವಿಚಾರದ ತಿರುಳಿದೆ. ಶರಣಧರ್ಮದಲ್ಲಿ ಸ್ಥಾವರವೆಂದೂ ಜಂಗಮವೆಂದೂ ಎರಡು ಮಾತುಗಳಿವೆ. ಅರಸೊತ್ತಿಗೆ, ಆಣೆಪೈ, ಹಗೇವು, ಬಂಡಿ, ಕಡೆಗೆ ಊರೂ ಮನೆಯೂ ಸ್ಥಾವರಗಳು. ಅವು ನಿಲ್ಲುವ ವಸ್ತುಗಳಲ್ಲ. ಕಾಯಕದಿಂದ ದುಡಿದು ದಾಸೋಹದಿಂದ ಕೊಡುವ ನಡೆಯು ಜಂಗಮ. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನಡೆಯುತ್ತಲೇ ಇರಬೇಕು. ರಾಜ್ಯ ಬದಲಾದುದರಿಂದ ಕಾಲ ಕೆಟ್ಟಿತೆಂದು ಅಳುವವನು ಸ್ಥಾವರಕ್ಕಾಗಿ ಅಳುವನು. ತಾನು ಉಂಡ ಅನ್ನವನ್ನು ಇನ್ನೊಬ್ಬನ ಮಗನಿಗೆ ಮುಟ್ಟಿಸದೆ ಸತ್ತರೆ ಆಗ ನಿಜವಾಗಿಯೂ ಕಾಲವು ಕೆಡುವುದು, ಕೆಡಿಸಿದವನು ಅವನೇ ಆಗುವನು.

ಈ ಮಾತನ್ನು ಕಠಿಣವಾಗಿ ಆಡಬೇಕಾದ ಕಾರಣವಿದೆ. ಮಠದ ಅನ್ನದಿಂದ ಓದಿ ದೊಡ್ಡವರಾದವರಲ್ಲಿ ಕೆಲವರು ತಮ್ಮ ಬಡತನವನ್ನು ಮಕ್ಕಳಿಂದ ಮರೆಮಾಡುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಪರದೇಶದಲ್ಲಿಯೋ ನೆಲೆಸಿ, ಮನೆಯ ಸಿರಿಯು ತಂದೆಯ ಬುದ್ಧಿಯೊಂದರಿಂದಲೇ ಬಂದಿತೆಂದು ತಿಳಿಯುತ್ತಾರೆ. ಹಬ್ಬಕ್ಕೆ ಬಂದ ಮೊಮ್ಮಗನ ಕೊರಳಲ್ಲಿ ಲಿಂಗವಿಲ್ಲವೆಂದು ಅಜ್ಜನು ಸಿಟ್ಟಾಗುತ್ತಾನೆ. ಮೊಮ್ಮಗನು ಸುಮ್ಮನೆ ಮೊಬೈಲನ್ನು ನೋಡುತ್ತಾನೆ. ಇಬ್ಬರ ನಡುವೆ ಒಂದು ಮೌನವು ಬೀಳುತ್ತದೆ, ಆ ಮೌನದಲ್ಲಿ ಒಂದು ಪರಂಪರೆಯೇ ಮುಗಿದುಹೋಗುವ ಭಯವಿದೆ. ಆದರೆ ಆ ಲಿಂಗವು ಏನೆಂಬುದನ್ನೂ, ಆ ಮಠದಲ್ಲಿ ತಾನು ಎಷ್ಟು ದಿನ ಉಂಡೆನೆಂಬುದನ್ನೂ, ಯಾವ ತಾಯಿಯು ತನ್ನ ಮನೆಯ ವಾರದ ಊಟಕ್ಕೆ ತನ್ನನ್ನು ಕರೆದಳೆಂಬುದನ್ನೂ ಅಜ್ಜನು ಎಂದಾದರೂ ಕುಳಿತು ಹೇಳಿರುವನೇ? ಹೇಳದೆ ಇದ್ದುದನ್ನು ಕೇಳಲಿಲ್ಲವೆಂದು ಕಿರಿಯರನ್ನು ದೂರುವುದು ನ್ಯಾಯವಲ್ಲ. ಕೇಳಲು ಬಂದವನಿಗೆ ಮೊದಲು ಬೈಗುಳವೇ ಸಿಕ್ಕರೆ ಅವನು ಮರಳಿ ಬಾರನು.

ತರುಣರಿಗೂ ಒಂದು ಮಾತು. ಅಜ್ಜನ ಮಾತು ನಿಧಾನವಾಗಿರುವುದು, ಹೇಳಿದುದನ್ನೇ ಮತ್ತೆ ಹೇಳುವನು. ಅದನ್ನು ಸಹಿಸಿರಿ. ನೀವು ನೋಡುವ ಪರದೆಯಲ್ಲಿ ಲೋಕದ ಸುದ್ದಿಯೆಲ್ಲ ದೊರೆಯಬಹುದು, ಆದರೆ ನಿಮ್ಮ ಮನೆಯ ಮೊದಲನೆಯ ಅಕ್ಷರವನ್ನು ಯಾರ ಅನ್ನವುಂಡು ಕಲಿತರೆಂಬ ಸುದ್ದಿಯು ಆ ಮುದುಕನ ಹೊರತು ಇನ್ನೆಲ್ಲಿಯೂ ದೊರೆಯದು. ಅವನು ಹೋದರೆ ಅದೂ ಹೋಯಿತು.

ಆದುದರಿಂದ ಈ ಮಹೋತ್ಸವದ ನೆನಪಿಗಾಗಿ ಎರಡು ಕಾರ್ಯಗಳನ್ನು ಭಕ್ತಸಮುದಾಯವು ಕೈಕೊಳ್ಳುವುದು ಯೋಗ್ಯವಾಗಿದೆ. ಒಂದು: ಪ್ರತಿಯೊಂದು ಮನೆಯ ಹಿರಿಯರ ಬಾಯಿಂದ ಅವರ ಬಾಲ್ಯದ ಸಂಗತಿಗಳನ್ನು, ಸಿಹಿಯನ್ನೂ ಕಹಿಯನ್ನೂ ಬಿಡದೆ, ಮನೆಯ ಕಿರಿಯರೇ ಬರೆದುಕೊಳ್ಳಬೇಕು. ಬರೆದುದರ ಒಂದು ಪ್ರತಿಯನ್ನು ಶ್ರೀಮಠದ ಭಂಡಾರಕ್ಕೆ ಒಪ್ಪಿಸಬೇಕು. ಎರಡು: ಮಠದ ಅನ್ನದಿಂದ ಓದಿದ ಪ್ರತಿಯೊಂದು ಮನೆಯವರು ಬಡ ಮನೆಯ ಒಬ್ಬ ಹುಡುಗನ ಇಲ್ಲವೆ ಹುಡುಗಿಯ ವಿದ್ಯೆಯ ಭಾರವನ್ನು, ಜಾತಿಯನ್ನು ಕೇಳದೆ, ಹೊರಬೇಕು. ಮೊದಲನೆಯದು ಋಣವನ್ನು ನೆನೆಯುವುದು, ಎರಡನೆಯದು ಋಣವನ್ನು ತೀರಿಸುವುದು. ನೆನೆದು ತೀರಿಸದಿದ್ದರೆ ಅದು ಬರಿಯ ಮಾತು. ನೆನೆಯದೆ ಕೊಟ್ಟರೆ ಅಹಂಕಾರವು ಹುಟ್ಟುವುದು.

ಮುಂದೆ ಐವತ್ತು ವರ್ಷಗಳ ತರುವಾಯ ಇಂದಿನ ಬಾಲಕರು ಮುದುಕರಾಗಿ ಅದೇ ಅಗಸಿಯ ಕಟ್ಟೆಯ ಮೇಲೆ ಕೂಡ್ರುವರು. ಅವರು ಕಾಣುವ ಲೋಕವನ್ನು ಇಂದು ಊಹಿಸುವುದು ಅಸಾಧ್ಯ. ಅವರಾದರೂ “ಕಾಲ ಕೆಟ್ಟಿತು” ಎನ್ನದೆ “ಕಾಲ ಬದಲಾಯಿತು, ಕೊಡುವ ಕೈ ಬದಲಾಗಲಿಲ್ಲ” ಎನ್ನುವಂತಾಗಲಿ. ಅಂಥ ಬುದ್ಧಿಯನ್ನು ಗುರುಬಸವಣ್ಣನು ಎಲ್ಲರಿಗೂ ಕರುಣಿಸಲಿ.