ಅಡಗಲು ಮರವಿಲ್ಲದ ಊರಿನ ಥ್ರಿಲ್ಲರ್



ಇವತ್ತು ರಾಜೀನಾಮೆ ಇಲ್ಲ, ಸಂಪುಟ ವಿಸ್ತರಣೆ ಇಲ್ಲ. ಇವತ್ತಿನ ಮಾತು ಐದು ನಿಮಿಷ ನಲವತ್ತು ಸೆಕೆಂಡಿನ ಒಂದು ಸಿನಿಮಾ ತುಣುಕಿನ ಬಗ್ಗೆ.

ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನ ಐದು ಜನ ಡಿಗ್ರಿ ವಿದ್ಯಾರ್ಥಿಗಳು ಥ್ರಿಲ್ಲರ್ ಸಿನಿಮಾ ಮಾಡ್ತಿದ್ದಾರೆ. ಮೂವರು ಹುಡುಗರು, ಇಬ್ಬರು ಹುಡುಗಿಯರು. ಮೊಬೈಲಿನಲ್ಲಿ ಚಿತ್ರೀಕರಣ, ಗೆಳೆಯನ ಲ್ಯಾಪ್‌ಟಾಪಿನಲ್ಲಿ ಎಡಿಟಿಂಗ್. ಮೊದಲ ದೃಶ್ಯದ ರಫ್ ಕಟ್ ನನಗೆ ಕಳಿಸಿದ್ದಾರೆ. ಜೊತೆಗೆ ಒಂದು ಸಾಲು: 'ಸರ್, ಚೊಲೋ ಆಗೇದ ಅಂತ ಹೇಳಬ್ಯಾಡ್ರಿ. ಎಲ್ಲಿ ಕೆಟ್ಟದ, ಅದನ್ನ ಹೇಳ್ರಿ.' ಸಿನಿಮಾ ಇನ್ನೂ ಮುಗಿದಿಲ್ಲ, ಹಾಗಾಗಿ ಅವರ ಹೆಸರು ಹೇಳೋದಿಲ್ಲ. ರಫ್ ಕಟ್ ಅಂದರೆ ಗೋಡೆ ಎದ್ದಿರುವ, ಗಿಲಾವ್ ಆಗದ ಮನೆ. ಬಣ್ಣ ಸರಿಯಿಲ್ಲ ಅಂತ ಬೈಯುವ ಹೊತ್ತು ಇದಲ್ಲ. ಬಾಗಿಲು ಎಲ್ಲಿಟ್ಟಿದ್ದಾರೆ ಅಂತ ನೋಡುವ ಹೊತ್ತು.

ದೃಶ್ಯ ಹೀಗಿದೆ. ಕತ್ತಲಾಗುತ್ತಿದೆ. ಕೊನೆಯ ಬಸ್ಸು. ಕಾಲೇಜಿನ ಹುಡುಗಿಯೊಬ್ಬಳು ಹೊಲದ ನಡುವಿನ ಸ್ಟಾಪಿನಲ್ಲಿ ಇಳಿಯುತ್ತಾಳೆ. ಬಸ್ಸು ಹೋಗುತ್ತದೆ. ಹುಡುಗಿ ನಡೆಯುತ್ತಾಳೆ. ಹಿಂದೆ ಒಂದು ಬೈಕು. ಓಡುತ್ತಾಳೆ. ಕಾಡು. ಕಿರುಚಾಟ. ನೆಲದ ಮೇಲೆ ಹೆಣ. ಇಂಗ್ಲಿಷಿನಲ್ಲಿ ಕೆಂಪಕ್ಷರದ ಟೈಟಲ್.

ಮೊದಲು ಒಳ್ಳೆಯದನ್ನು ಹೇಳ್ತೀನಿ, ಅವರು ಬೇಡ ಅಂದರೂ. ಬಸ್ಸು ಹೋದ ಮೇಲೆ ಅದರ ಹಿಂದಿನ ಕೆಂಪು ದೀಪ ನೇರ ರಸ್ತೆಯಲ್ಲಿ ಸಣ್ಣದಾಗುತ್ತಾ ಹೋಗುತ್ತದೆ. ಹುಡುಗಿ ಅದನ್ನೇ ನೋಡುತ್ತಾ ನಿಂತಿದ್ದಾಳೆ. ಇದು ಇಡೀ ತುಣುಕಿನ ಅತ್ಯುತ್ತಮ ಶಾಟ್. ಆದರೆ ಮೂರು ಸೆಕೆಂಡಿಗೇ ಕಟ್ ಮಾಡಿದ್ದಾರೆ. ಅದಕ್ಕೂ ಮುಂಚೆ ಬಾಡಿಗೆ ಡ್ರೋನ್ ತಂದು ಮೇಲಿನಿಂದ ಹೊಲ ತೋರಿಸಿದ್ದು ನಲವತ್ತು ಸೆಕೆಂಡು! ತಮ್ಮಾ, ಲೆಕ್ಕ ಉಲ್ಟಾ ಆಗೇದ. ಡ್ರೋನ್ ತೆಗೀರಿ. ಆ ಕೆಂಪು ದೀಪ ಕಣ್ಣಿಗೆ ಕಾಣದಾಗುವ ತನಕ ಇಡ್ರಿ. ನೋಡುವವನಿಗೆ ಗೊತ್ತಾಗಬೇಕು, ಇನ್ನು ಈ ಹುಡುಗಿಗೆ ವಾಪಸ್ ಹೋಗುವ ದಾರಿ ಇಲ್ಲ.

ಈಗ ದೊಡ್ಡ ತಕರಾರಿಗೆ ಬರೋಣ. ಹುಡುಗಿ ಇಳಿಯೋದು ನವಲಗುಂದದ ಎರೆ ಭೂಮಿಯಲ್ಲಿ. ಸುತ್ತ ಕಡಲೆ ಹೊಲ. ಓಡಲು ಶುರು ಮಾಡಿದ ಮುಂದಿನ ಶಾಟ್‌ನಲ್ಲಿ ಸಾಗವಾನಿ ಕಾಡು! ವಿಚಾರಿಸಿದೆ. ಕಲಘಟಗಿ ಕಡೆ ಹೋಗಿ ಚಿತ್ರೀಕರಿಸಿದ್ದಾರಂತೆ. ಯಾಕೆ? 'ಥ್ರಿಲ್ಲರ್ ಅಂದ್ರ ಕಾಡು ಬೇಕಲ್ರೀ ಸರ್.'

ವೀಕ್ಷಕರೇ, ನವಲಗುಂದ ಹುಬ್ಬಳ್ಳಿಯ ಈ ಕಡೆ, ಕಲಘಟಗಿ ಆ ಕಡೆ. ನಡುವೆ ಇಡೀ ಹುಬ್ಬಳ್ಳಿ ಅದ. ನಮ್ಮ ಜಿಲ್ಲೆಯ ಯಾವ ಅಜ್ಜಿ ನೋಡಿದರೂ ಕೇಳ್ತಾಳೆ, 'ಇಕಿ ಓಡಿಕೋತ ಹುಬ್ಬಳ್ಳಿ ದಾಟಿ ಬಂದಳೇನು?' ಅಂತ. ಎಲ್ಲರೂ ಹೆದರಬೇಕಾದ ಜಾಗದಲ್ಲಿ ಎಲ್ಲರೂ ನಗ್ತಾರೆ.

ಆದರೆ ಭೂಗೋಳದ ತಪ್ಪಿಗಿಂತ ಆ ನಂಬಿಕೆ ನನ್ನನ್ನು ಕಾಡಿತು. ಭಯಕ್ಕೆ ಕಾಡೇ ಬೇಕು ಅಂತ ಯಾರು ಹೇಳಿದರು? 2015ರಲ್ಲಿ ಬಂದ ರಂಗಿತರಂಗ ಕರಾವಳಿ, ಮಲೆನಾಡಿನ ಹಸಿರನ್ನು, ಮಳೆಯನ್ನು, ಅಲ್ಲಿಯ ನಂಬಿಕೆಗಳನ್ನು ಬಳಸಿ ಗೆದ್ದಿತು. ಅದು ಅಲ್ಲಿಯ ಭಯ. ಮರದ ಹಿಂದೆ ಯಾರಿದ್ದಾರೆ ಅನ್ನುವ ಭಯ. ನವಲಗುಂದದಲ್ಲಿ ಮರವೇ ಇಲ್ಲ! ಕಡಲೆ ಗಿಡ ಮೊಣಕಾಲಿನ ಎತ್ತರ. ಅಲ್ಲಿಯ ಭಯ ಬೇರೆ. ಎಲ್ಲವೂ ಕಾಣುತ್ತದೆ, ಅಡಗಲು ಜಾಗ ಇಲ್ಲ. ಬಲು ದೂರದಲ್ಲಿ ಒಂದು ಬೈಕಿನ ದೀಪ ಕಾಣುತ್ತದೆ. ಅದು ಹತ್ತಿರ ಬರ್ತಿದೆಯೋ, ನಿಂತಿದೆಯೋ ಗೊತ್ತಾಗಲ್ಲ. ನಡುವೆ ಅದು ಆರಿಬಿಟ್ಟರೆ? ಅಷ್ಟು ಸಾಕು. ಕಾಡೂ ಬೇಡ, ಕಲಘಟಗಿಗೆ ಹೋಗುವ ಖರ್ಚೂ ಬೇಡ.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವನು ಆಲ್ಫ್ರೆಡ್ ಹಿಚ್‌ಕಾಕ್. 1959ರ ಚಿತ್ರ ನಾರ್ತ್ ಬೈ ನಾರ್ತ್‌ವೆಸ್ಟ್. ನಾಯಕ ಕ್ಯಾರಿ ಗ್ರಾಂಟ್ ಬಸ್ಸಿನಿಂದ ಇಳೀತಾನೆ. ಸುತ್ತ ಬಟಾಬಯಲು. ಅದೂ ಹಗಲು! ಒಂದು ಕಾರು ಬರುತ್ತದೆ, ಹೋಗುತ್ತದೆ. ಇನ್ನೊಂದು ಬರುತ್ತದೆ, ಹೋಗುತ್ತದೆ. ದೂರದಲ್ಲಿ ಬೆಳೆಗೆ ಔಷಧ ಸಿಂಪಡಿಸುವ ಸಣ್ಣ ವಿಮಾನ. ಬಸ್ಸಿಗೆ ಕಾಯುತ್ತಿದ್ದವನೊಬ್ಬ ಅದನ್ನು ನೋಡಿ, ಬೆಳೆಯೇ ಇಲ್ಲದ ಕಡೆ ಸಿಂಪಡಿಸ್ತಿದೆಯಲ್ಲ ಅಂತ ಸುಮ್ಮನೆ ಹೇಳಿ ಬಸ್ಸು ಹತ್ತಿ ಹೋಗ್ತಾನೆ. ನಮಗೆ ಎದೆ ಝಲ್ ಅನ್ನುತ್ತದೆ. ಆ ವಿಮಾನ ಕೊನೆಗೆ ಟ್ಯಾಂಕರ್ ಲಾರಿಗೆ ಬಡಿಯುವ ತನಕ ಹಿನ್ನೆಲೆ ಸಂಗೀತ ಇಲ್ಲ. ಬಸ್ಸು, ಬಯಲು, ಒಂಟಿ ಮನುಷ್ಯ. ನಿಮ್ಮ ಹತ್ತಿರ ಇರೋದೂ ಅದೇ ಅಲ್ಲವೇನ್ರಪ್ಪಾ?

ಇನ್ನು ಸಂಗೀತ. ಐದು ನಿಮಿಷ ನಲವತ್ತು ಸೆಕೆಂಡೂ ಢಂ ಢಂ ಹೊಡೀತಾನೇ ಇದೆ. ಇಂಜಿನಿಯರಿಂಗ್ ಓದುವಾಗ ನಮಗೆ ಮೊದಲು ಕಲಿಸಿದ್ದು, ನಾಯ್ಸ್ ಜಾಸ್ತಿಯಾದರೆ ಸಿಗ್ನಲ್ ಸಿಗೋದಿಲ್ಲ ಅಂತ. ಟಿವಿ ಸುದ್ದಿಗೆ ಸದ್ದು ಬೇಕು, ಯಾಕಂದರೆ ವೀಕ್ಷಕರ ಕೈಯಲ್ಲಿ ರಿಮೋಟ್ ಇದೆ, ಒಲೆ ಮೇಲೆ ಸಾರಿದೆ. ನಿಮ್ಮ ಸಿನಿಮಾ ನೋಡುವವನು ಕತ್ತಲಲ್ಲಿ ಕೂತಿದ್ದಾನೆ, ಕಿವಿ ನಿಮಗೇ ಕೊಟ್ಟಿದ್ದಾನೆ. ಧ್ವನಿ ಹಿಡಿದ ತಂಗಿ ಮೂಲ ಆಡಿಯೋ ಬೇರೆಯಾಗಿ ಕಳಿಸಿದ್ದಳು. ಸಂಗೀತ ಇಲ್ಲದೆ ಕೇಳಿದೆ. ಗಾಳಿ, ಜೀರುಂಡೆ, ಖಡಿ ರಸ್ತೆಯ ಮೇಲೆ ಚಪ್ಪಲಿ, ದೂರದಲ್ಲೆಲ್ಲೋ ಟ್ರ್ಯಾಕ್ಟರಿನ ಹಾಡು. ಆ ಹಾಡು ಥಟ್ಟನೆ ನಿಲ್ಲುತ್ತದೆ. ನಿಜಕ್ಕೂ ಹೆದರಿಕೆಯಾಯ್ತು! ಅಷ್ಟು ಒಳ್ಳೆಯ ಸದ್ದನ್ನು ಸಂಗೀತದ ಕೆಳಗೆ ಹೂತಿಟ್ಟಿದ್ದೀರಿ.

ಮೂರನೆಯದು ಮಾತು. ಹುಡುಗಿ ಕಂಡಕ್ಟರ್‌ಗೆ ಬೆಂಗಳೂರು ಕನ್ನಡದಲ್ಲಿ 'ಇದೇ ಕೊನೆ ಬಸ್ಸಾ?' ಅಂತ ಕೇಳ್ತಾಳೆ. ಆತ 'ಹೌದಮ್ಮ, ಹುಷಾರು' ಅಂತಾನೆ. ಸಿನಿಮಾದವರ ಕನ್ನಡ. ಇದೇ ಹುಡುಗರು ಚಿತ್ರೀಕರಣದ ಹೊತ್ತಿನಲ್ಲಿ ತೆಗೆದ ಇನ್ನೊಂದು ವಿಡಿಯೋದಲ್ಲಿ ಆ ಕಂಡಕ್ಟರ್ ಪಾತ್ರಧಾರಿ ತಮಾಷೆಗೆ ತನ್ನ ಭಾಷೆಯಲ್ಲಿ ಹೇಳ್ತಾನೆ, 'ಇಲ್ಲವಾ, ಇದ ಕಡೀ ಬಸ್ಸು. ಕರಿಯಾಕ ಯಾರರ ಬರ್ತಾರೇನು?' ಹುಡುಗಿ, 'ಹೂನ್ರೀ, ನಮ್ಮಪ್ಪ ಬರ್ತಾನ್ರಿ.' ಸ್ಟಾಪಿನಲ್ಲಿ ಯಾರೂ ಇಲ್ಲ. ಆಕೆ ಸುಳ್ಳು ಹೇಳಿದಳಾ, ಅಪ್ಪ ಬರಲಿಲ್ಲವಾ? ಸಸ್ಪೆನ್ಸ್ ಅಲ್ಲೇ ಶುರುವಾಯ್ತು ನೋಡಿ.

ಹಿಚ್‌ಕಾಕ್ ಇದಕ್ಕೊಂದು ಲೆಕ್ಕ ಕೊಟ್ಟಿದ್ದ. ಮೇಜಿನ ಕೆಳಗಿನ ಬಾಂಬು ಏಕಾಏಕಿ ಸಿಡಿದರೆ ನೋಡುವವನಿಗೆ ಹದಿನೈದು ಸೆಕೆಂಡಿನ ಬೆಚ್ಚು. ಬಾಂಬಿದೆ ಅಂತ ಮೊದಲೇ ಅವನಿಗೆ ತಿಳಿಸಿ, ಮೇಜಿನ ಮುಂದೆ ಕೂತವರಿಗೆ ತಿಳಿಸದಿದ್ದರೆ ಹದಿನೈದು ನಿಮಿಷದ ಆತಂಕ. 'ಕರಿಯಾಕ ಯಾರರ ಬರ್ತಾರೇನು' ಅನ್ನುವ ಆ ಪ್ರಶ್ನೆಯೇ ನಿಮ್ಮ ಬಾಂಬು.

ಇನ್ನೊಂದು ವಸ್ತು ನಿಮ್ಮ ಕೈಯಲ್ಲೇ ಇದೆ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯ್ತು. ಅಂದಿನಿಂದ ಈ ಹುಡುಗಿಯಂಥವರ ಕೈಯಲ್ಲಿ ಶೂನ್ಯ ಟಿಕೆಟ್ ಇರುತ್ತದೆ. ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿಗೆ ಅಂತ ಅಚ್ಚಾಗಿರುವ ಚೀಟಿ. ಥ್ರಿಲ್ಲರ್‌ಗೆ ಇದಕ್ಕಿಂತ ಚಲೋ ಸುಳಿವು ಬೇಕಾ? ರಫ್ ಕಟ್‌ನಲ್ಲಿ ಅದು ಅರ್ಧ ಸೆಕೆಂಡೂ ಕಾಣೋದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಆ ಹುಡುಗಿಗೆ ಹೆಸರಿಲ್ಲ. ಐದು ನಿಮಿಷದಲ್ಲಿ ಅವಳಿಗೆ ಏನು ಬೇಕಿತ್ತು, ಏನು ಓದ್ತಿದ್ದಳು, ಒಂದೂ ಗೊತ್ತಾಗಲ್ಲ. ಅವಳು ಹೆಣವಾಗಲಿಕ್ಕೇ ಬಸ್ಸು ಇಳಿದ ಹಾಗಿದೆ.

2010ರಲ್ಲಿ ನಿಮ್ಮ ಪಕ್ಕದ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ಮನುಷ್ಯರ ತಲೆಬುರುಡೆಗಳು ಸಿಕ್ಕವು. ನೀವಾಗ ಸಣ್ಣ ಮಕ್ಕಳು. ಮೊದಲು ಎಲ್ಲರೂ ಕೇಳಿದ್ದು ಎಷ್ಟು ಅಂತ. ಆಮೇಲೆ ಉಳಿದ ಪ್ರಶ್ನೆ, ಇವರು ಯಾರು? ಬರಕ್ಕೆ ಸತ್ತವರೋ, ಕಾಳಗಕ್ಕೆ ಸತ್ತವರೋ? ಇಷ್ಟು ವರ್ಷದ ಮೇಲೂ ಅಣ್ಣಿಗೇರಿ ಅಂದಾಗ ಮನಸ್ಸು ಕೆದಕುವುದು ಈ ಎರಡನೇ ಪ್ರಶ್ನೆ. ಸಿನಿಮಾಕ್ಕೂ ಅದೇ ಬೇಕು. ಯಾರು ಅಂತ ಗೊತ್ತಾಗದೆ ನಮಗೆ ಅವಳ ಬಗ್ಗೆ ಭಯ ಹುಟ್ಟೋದಿಲ್ಲ.

ಮತ್ತೊಂದು ಮಾತು. ಮೊದಲ ಪ್ರದರ್ಶನ ತಮ್ಮೂರ ಸಮುದಾಯ ಭವನದಲ್ಲಿ ಅಂತ ಬರೆದಿದ್ದಾರೆ. ಬಹಳ ಸಂತೋಷ. ಆದರೆ ಅಲ್ಲಿ ಕೂತು ನೋಡುವವರು ಯಾರು? ಅದೇ ಬಸ್ಸಿಗೆ ಮಗಳನ್ನು ಕಾಲೇಜಿಗೆ ಕಳಿಸುವ ಅಪ್ಪ, ಅವ್ವ. ಕಡೀ ಬಸ್ಸು, ಒಂಟಿ ಹುಡುಗಿ, ಹೆಣ. ಇಷ್ಟೇ ನೋಡಿ ಮನೆಗೆ ಹೋದರೆ, ಮರುದಿನ ಒಬ್ಬ ಅಪ್ಪ 'ಸಾಕು ಓದಿದ್ದು' ಅಂದುಬಿಟ್ಟರೆ? ಹೆದರಿಸಬೇಡಿ ಅಂತ ನಾನು ಹೇಳ್ತಿಲ್ಲ. ಥ್ರಿಲ್ಲರ್ ಇರೋದೇ ಹೆದರಿಸಲಿಕ್ಕೆ. ಆದರೆ ಅವಳಿಗೆ ಬುದ್ಧಿ ಕೊಡಿ. ದೂರದ ದೀಪವನ್ನು ಮೊದಲು ಅವಳೇ ನೋಡಲಿ, ಏನಾದರೂ ಯೋಚಿಸಲಿ, ಮಾಡಲಿ. ಟೈಟಲ್ ಬೀಳುವಾಗ ಅವಳು ಬದುಕಿರಲಿ. ಮುಂದೇನು ಅನ್ನೋ ಪ್ರಶ್ನೆ ಬದುಕಿರುವವರ ಬಗ್ಗೆಯೇ ಹೆಚ್ಚು ಕಾಡುತ್ತದೆ.

ದುಡ್ಡಿಲ್ಲ, ಕ್ಯಾಮೆರಾ ಇಲ್ಲ ಅಂತ ಕೊರಗಬೇಡಿ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಬಂದಿದ್ದು ಒಂದು ಕನ್ನಡ ಚಿತ್ರಕ್ಕೆ. ಪುಣೆಯ ಎಫ್‌ಟಿಐಐನಲ್ಲಿ ಕಲಿಯುತ್ತಿದ್ದ ಮೈಸೂರಿನ ಚಿದಾನಂದ ನಾಯ್ಕ್ ಮಾಡಿದ್ದು. ಕಥೆ ಏನು? ಮುದುಕಿಯೊಬ್ಬಳು ಊರಿನ ಹುಂಜ ಕದ್ದಳು, ಸೂರ್ಯ ಹುಟ್ಟಲಿಲ್ಲ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆ. ಹದಿನಾರು ನಿಮಿಷದ ಸಿನಿಮಾ, ಜಗತ್ತು ಕೂತು ನೋಡಿತು.

ಹಾಗಾಗಿ ತಮ್ಮಂದಿರಾ, ತಂಗ್ಯಾರಾ, ಕೆಲಸ ಸಣ್ಣದು. ಡ್ರೋನ್ ತೆಗೀರಿ, ಕಾಡು ತೆಗೀರಿ, ಸಂಗೀತ ತೆಗೀರಿ. ಟೈಟಲ್ ಕನ್ನಡದಲ್ಲಿರಲಿ. ಮೊಬೈಲಿನ ಎಕ್ಸ್‌ಪೋಷರ್ ಲಾಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಬೈಕಿನ ದೀಪ ಬಂದಾಗೆಲ್ಲ ಆಕಾಶದ ಬೆಳಕು ಏರುಪೇರಾಗುತ್ತದೆ. ಕಂಡಕ್ಟರ್ ತನ್ನ ಭಾಷೆಯಲ್ಲೇ ಮಾತಾಡಲಿ. ಹುಡುಗಿಗೆ ಒಂದು ಹೆಸರಿಡಿ. ಮತ್ತೆ ನೆನಪಿರಲಿ, ಕಡಲೆ ಕೀಳೋದರೊಳಗ ಮರುಚಿತ್ರೀಕರಣ ಮುಗಿಸ್ರಿ. ಹೊಲ ಖಾಲಿಯಾದರೆ ಹಳೇ ಶಾಟ್‌ಗೆ ಹೊಸದು ಕೂಡೋದಿಲ್ಲ.

ಎರಡನೇ ಕಟ್ ಕಳಿಸಿ, ಕಾಯ್ತಿರ್ತೀನಿ.