ಮರದ ತಳಿಗೆ ಒಂದು ಆಯುಷ್ಯ ಸಾಲದು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅಮೆರಿಕದ ಪೂರ್ವಭಾಗದ ಅಪಲೇಚಿಯನ್ ಬೆಟ್ಟಸಾಲಿನ ಜನರಿಗೆ ಚೆಸ್ಟ್‌ನಟ್ ಮರವು ಮಲೆನಾಡಿನವರಿಗೆ ಹಲಸು ಇದ್ದಂತೆ ಇತ್ತು. ಅದರ ಬೀಜ ಜನರಿಗೂ ಸಾಕುಹಂದಿಗಳಿಗೂ ಕಾಡುಪ್ರಾಣಿಗಳಿಗೂ ಆಹಾರ. ಬೇಗನೆ ಕೊಳೆಯದ ಅದರ ಮರಮಟ್ಟು ಮನೆಗೆ, ಬೇಲಿಗೆ, ರೈಲುಹಳಿಗೆ ಒದಗುತ್ತಿತ್ತು. ಮರದ ಒಗರು ಚರ್ಮ ಹದಮಾಡಲು ಬೇಕಾಗಿತ್ತು. ಕಾಡಿನಲ್ಲಿ ಆಯ್ದ ಬೀಜವನ್ನು ಮಾರಿ ಬಡ ಕುಟುಂಬಗಳು ಮಕ್ಕಳಿಗೆ ಪಾದರಕ್ಷೆ ಕೊಳ್ಳುತ್ತಿದ್ದವು.

1904ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಆವರಣದಲ್ಲಿ ಈ ಮರಗಳು ಒಣಗತೊಡಗಿದವು. ಏಷ್ಯಾದಿಂದ ತರಿಸಿದ ಸಸಿಗಳೊಂದಿಗೆ ಬಂದಿದ್ದ ಶಿಲೀಂಧ್ರವೇ ಅದಕ್ಕೆ ಕಾರಣ. ತೊಗಟೆಯ ಗಾಯದ ಮೂಲಕ ಒಳಹೊಕ್ಕು, ಕಾಂಡವನ್ನು ಸುತ್ತುವರಿದು ಜೀವರಸದ ಹರಿವನ್ನೇ ಅದು ಕಡಿದುಬಿಡುತ್ತದೆ. 1950ರ ವೇಳೆಗೆ ಸುಮಾರು 300ರಿಂದ 400 ಕೋಟಿ ಮರಗಳು ನಾಶವಾದವೆಂದು ಅಂದಾಜು. ಅಡಿಕೆಯ ಕೊಳೆರೋಗವನ್ನು ಕಂಡವರಿಗೆ ಆ ಬೆಟ್ಟದ ಜನರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬೇರುಗಳು ಸಾಯಲಿಲ್ಲ. ಇಂದಿಗೂ ಬುಡದಿಂದ ಚಿಗುರು ಏಳುತ್ತದೆ; ಕೆಲವು ವರ್ಷ ಬೆಳೆದು ಮತ್ತೆ ಅದೇ ರೋಗಕ್ಕೆ ಬಲಿಯಾಗುತ್ತದೆ.

ರೋಗವು ಕಾಣಿಸಿಕೊಂಡ ಅದೇ 1904ರಲ್ಲಿ ಚಾರ್ಲ್ಸ್ ಬರ್ನ್‌ಹ್ಯಾಮ್ ಜನಿಸಿದರು. ಅವರು ಮೆಕ್ಕೆಜೋಳದ ತಳಿವಿಜ್ಞಾನಿ. ತಾರುಣ್ಯದಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ, ಮುಂದೆ ನೊಬೆಲ್ ಪುರಸ್ಕೃತರಾದ ಬಾರ್ಬರಾ ಮೆಕ್ಲಿಂಟಾಕ್ ಅವರ ಜೊತೆಗಿದ್ದವರು. ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ದಶಕಗಳ ಕಾಲ ದುಡಿದು ನಿವೃತ್ತರಾದರು. ಚೆಸ್ಟ್‌ನಟ್ ಕುರಿತ ಅವರ ಕಾರ್ಯ ಆರಂಭವಾದದ್ದು ಎಪ್ಪತ್ತೈದು ವರ್ಷ ದಾಟಿದ ಮೇಲೆ.

ಹಳೆಯ ತಳಿಸಂಕರಣದ ದಾಖಲೆಗಳನ್ನು ಓದುತ್ತಿದ್ದಾಗ ಅವರಿಗೆ ಒಂದು ದೋಷ ಗೋಚರಿಸಿತು. ರೋಗವನ್ನು ತಾಳಿಕೊಳ್ಳುವ ಚೀನೀ ಚೆಸ್ಟ್‌ನಟ್ ಗಿಡ್ಡ ಮರ. ಕಾಡಿನ ಎತ್ತರದ ಪೈಪೋಟಿಯಲ್ಲಿ ಅದು ಉಳಿಯದು. ಹಿಂದಿನವರು ಅದನ್ನು ಅಮೆರಿಕದ ಮರದೊಡನೆ ಕೂಡಿಸಿದ್ದರು. ಸಂತತಿಯಲ್ಲಿ ರೋಗನಿರೋಧ ಸಾಲದೆಂದು ಮತ್ತೆ ಚೀನೀ ಮರದತ್ತಲೇ ಹೊರಳಿದ್ದರು. ಹೀಗಾಗಿ ನಿರೋಧ ಬಂದರೂ ಕಾಡಿನ ಮರದ ನಿಲುವು ಹೋಯಿತು. ಸಂತತಿಯನ್ನು ಅಮೆರಿಕದ ಮರದೊಡನೆಯೇ ಮತ್ತೆ ಮತ್ತೆ ಕೂಡಿಸಬೇಕು, ಪ್ರತಿ ಪೀಳಿಗೆಯಲ್ಲೂ ರೋಗವನ್ನು ತಾಳಿದ ಗಿಡಗಳನ್ನಷ್ಟೇ ಆರಿಸಬೇಕು ಎಂಬುದು ಬರ್ನ್‌ಹ್ಯಾಮ್ ಅವರ ವಾದ. ಮೊದಲ ಸಂತತಿಯಲ್ಲಿ ಅರ್ಧದಷ್ಟಿರುವ ಚೀನೀ ಅಂಶ ಮೂರು ಹಿಮ್ಮುಖ ಸಂಕರಣಗಳ ಬಳಿಕ ಸರಾಸರಿ ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ. ಧಾನ್ಯಗಳ ತಳಿವಿಜ್ಞಾನದಲ್ಲಿ ಇದು ಹಳೆಯ ವಿಧಾನ. ಆದರೆ ಜೋಳಕ್ಕೆ ಒಂದು ಹಂಗಾಮು ಸಾಕು. ಮರದ ಪ್ರತಿ ಪೀಳಿಗೆಗೂ ಹಲವು ವರ್ಷ ಬೇಕು.

1983ರಲ್ಲಿ ಅವರು ಸಮಾನಮನಸ್ಕರೊಡನೆ ಅಮೆರಿಕನ್ ಚೆಸ್ಟ್‌ನಟ್ ಪ್ರತಿಷ್ಠಾನವನ್ನು ಸ್ಥಾಪಿಸಿದರು. 1989ರಲ್ಲಿ ವರ್ಜೀನಿಯಾದ ಮೆಡೋವ್ಯೂನಲ್ಲಿ ಸಂಶೋಧನಾ ಕ್ಷೇತ್ರ ಆರಂಭವಾಯಿತು. ಸ್ವಯಂಸೇವಕರು ಹೂಗೊಂಚಲುಗಳಿಗೆ ಚೀಲ ಕಟ್ಟಿ, ಬೇರೆ ಮರದ ಪರಾಗ ತಂದು ಸವರಿದರು. ಬೆಳೆದ ಸಸಿಗಳಿಗೆ ಬೇಕೆಂದೇ ರೋಗ ತಗುಲಿಸಿ ಪರೀಕ್ಷಿಸಿದರು. ಬಹುಪಾಲು ಸಸಿಗಳು ಉಳಿಯಲಿಲ್ಲ. ಬರ್ನ್‌ಹ್ಯಾಮ್ 1995ರಲ್ಲಿ ತೀರಿಕೊಂಡರು. ಆ ತೋಟಗಳ ಸಂತತಿ ಕಾಡಿನ ಮಣ್ಣನ್ನು ಸೇರಿದ್ದನ್ನು ಅವರು ನೋಡಲಿಲ್ಲ.

ಸಭಿಕರೇ, ಕಥೆಯ ಕಹಿಭಾಗವನ್ನು ಮುಚ್ಚಿಡಬಾರದು. ನಿರೋಧಕ್ಕೆ ಎರಡು ಮೂರು ವಂಶವಾಹಿಗಳಷ್ಟೇ ಕಾರಣವೆಂಬುದು ಆ ಯೋಜನೆಯ ಆಧಾರವಾಗಿತ್ತು. ಮರಗಳ ವಂಶವಾಹಿಗಳನ್ನು ಸಮಗ್ರವಾಗಿ ಪರಿಶೀಲಿಸಿದಾಗ, ನಿರೋಧಶಕ್ತಿ ಅನೇಕ ವಂಶವಾಹಿಗಳಲ್ಲಿ ಹಂಚಿಹೋಗಿದೆಯೆಂದು 2020ರ ವೇಳೆಗೆ ಸ್ಪಷ್ಟವಾಯಿತು. ಅಮೆರಿಕದ ಅಂಶ ಹೆಚ್ಚಿದಂತೆ ನಿರೋಧ ಕುಗ್ಗುತ್ತಿತ್ತು. ಮೂರು ದಶಕಗಳ ಲೆಕ್ಕಾಚಾರವನ್ನೇ ತಿದ್ದಬೇಕಾಯಿತು.

ಹಾಗಾದರೆ ಶ್ರಮ ವ್ಯರ್ಥವಾಯಿತೇ? ಇಲ್ಲ. ಬೇರೆ ಬೇರೆ ರಾಜ್ಯಗಳ ಕಾಡುಗಳಲ್ಲಿ ಅಳಿದುಳಿದಿದ್ದ ಮರಗಳನ್ನು ಸಂಕರಣಕ್ಕೆ ಬಳಸಿದ್ದರಿಂದ, ಆಯಾ ನೆಲದ ಚೆಸ್ಟ್‌ನಟ್‌ನ ವೈವಿಧ್ಯ ಆ ತೋಟಗಳಲ್ಲಿ ಉಳಿಯಿತು. ಇಂದಿನ ಆಯ್ಕೆಯೂ ಆ ಮರಗಳನ್ನು, ಪ್ರತಿ ಮರದ ತಾಯಿತಂದೆಯನ್ನು ಬರೆದಿಟ್ಟ ಪುಸ್ತಕಗಳನ್ನು ಅವಲಂಬಿಸಿದೆ. ಊಹೆ ತಪ್ಪಿತು; ಬಿತ್ತಿದ ಬೀಜ ಮತ್ತು ಬರೆದ ದಾಖಲೆ ಕೆಲಸಕ್ಕೆ ಬಂದವು.

ಇನ್ನೊಂದು ಪ್ರಮಾದವನ್ನು ಮಾತ್ರ ತಿದ್ದಲು ಸಾಧ್ಯವಿಲ್ಲ. ರೋಗ ಹರಡುತ್ತಿದ್ದ ಕಾಲದಲ್ಲಿ, ಹೇಗೂ ಸಾಯುವ ಮರವೆಂದು ಮರಮಟ್ಟಿಗಾಗಿ ಆರೋಗ್ಯವಂತ ಚೆಸ್ಟ್‌ನಟ್‌ಗಳನ್ನೂ ಅವಸರದಿಂದ ಕಡಿಯಲಾಯಿತು. ರೋಗವನ್ನು ತಾಳಬಲ್ಲ ಮರ ಅವುಗಳ ನಡುವೆ ಇದ್ದಿರಬಹುದು. ಇತ್ತೋ ಇಲ್ಲವೋ ಎಂದು ಹೇಳಬಲ್ಲ ಸಾಕ್ಷಿಯೇ ಈಗ ಉಳಿದಿಲ್ಲ.

ಆದ್ದರಿಂದ ಯಾವುದೇ ಬೆಟ್ಟದಲ್ಲಿ ರೋಗಕ್ಕೆ ಸಿಕ್ಕ ಕಾಡಿನ ನಡುವೆ ಒಂದು ಮರ ಹಸಿರಾಗಿ ನಿಂತಿದ್ದರೆ, ಕೊಡಲಿ ಎತ್ತುವ ಮೊದಲು ಅದರ ಜಾಗವನ್ನು ಗುರುತಿಸಿ, ಬೀಜವನ್ನು ಆರಿಸಿ, ಶಾಲೆಯ ಮಕ್ಕಳ ಪುಸ್ತಕದಲ್ಲಾದರೂ ಬರೆದಿಡಿ. ಮುಂದೆಂದೋ ಬರುವ ತಳಿವಿಜ್ಞಾನಿಗೆ ಕೆಲಸ ಆರಂಭಿಸಲು ಅಷ್ಟಾದರೂ ಇರಬೇಕು.